ಬಹ್ರೈನಿನ ಹನಿ, ಫಳ್ನೀರಿನ ಕಣ್ಣು

ಮೊನ್ನೆ ಬೆಳಿಗ್ಗೆ ನನ್ನ ಗಂಡನ ಅಣ್ಣ ಡೆನಿಸ್ ಭಾವ ಬಹ್ರೈನಿನಿಂದ ಬಂದು, ನಮ್ಮ ಮನೆಯ ನಟ್ಟನಡುವೆ ಕುಳಿತು ಸೂಟ್‌ಕೇಸ್ ಬಿಚ್ಚಿದಾಗ, ಆ ವಾಸನೆ ಮತ್ತೆ ಮನೆ ತುಂಬಿತು. ಗಲ್ಫ್ ಪೆಟ್ಟಿಗೆಯ ವಾಸನೆ ನಮ್ಮ ಊರಿನವರಿಗೆಲ್ಲ ಗೊತ್ತಿರುವುದೇ. ಸಾಬೂನು, ಹಾಲಿನ ಪುಡಿ, ಖರ್ಜೂರ, ತಲೆನೋವಿಗೆ ಹಚ್ಚುವ ಹಸಿರು ಎಣ್ಣೆ, ಎಲ್ಲದರ ಮೇಲೆ ಒಂದಿಷ್ಟು ಅತ್ತರು. ಆ ಪೆಟ್ಟಿಗೆ ಬಿಚ್ಚುವಾಗ ಮಂಗಳೂರಿನ ಜನ ಚರ್ಚಿನ ಪೂಜೆಯಲ್ಲಿ ಗಂಟೆ ಹೊಡೆದಾಗ ಮೊಣಕಾಲೂರುವಷ್ಟು ಭಕ್ತಿಯಿಂದ ಸುತ್ತ ಕೂರುತ್ತಾರೆ. ನಾನು ಮಾತ್ರ ಆ ವಾಸನೆಗೆ ಎದ್ದು ಕಿಟಕಿ ತೆರೆಯುತ್ತೇನೆ. ಹೋದ ವರ್ಷದ ಮಳೆಗಾಲ ಪೂರ್ತಿ ಅದರೊಳಗೆ ಇದೆ.

ನನ್ನ ಹೆಸರು ಐರಿನ್. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ತಪ್ಪು ಕಂಡರೆ ಕೈ ಕೆಂಪು ಪೆನ್ನು ಹುಡುಕುವ ಚಟ ಇನ್ನೂ ಹೋಗಿಲ್ಲ. ಗಂಡ ವಲೇರಿಯನ್, ಊರಿಗೆಲ್ಲ ವಲ್ಲಿ, ಬ್ಯಾಂಕಿನಿಂದ ನಿವೃತ್ತನಾದವನು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಇಲ್ಲಿ ಅದನ್ನು ಊರಿನ ಕನ್ನಡಕ್ಕೆ ಇಳಿಸಿ ಬರೆದಿದ್ದೇನೆ. ನಮ್ಮ ಫ್ಲ್ಯಾಟು ಇರುವುದು ಮಂಗಳೂರಿನ ಫಳ್ನೀರಿನಲ್ಲಿ. ಅಲ್ಲಿ ಕಣ್ಣು ಮುಚ್ಚಿ ಕಲ್ಲು ಎಸೆದರೆ ಯಾವುದಾದರೂ ಡಾಕ್ಟರ ಬೋರ್ಡಿಗೆ ತಾಗುತ್ತದೆ. ನಮ್ಮ ಬಾಲ್ಕನಿಯ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿ, ಒಂದು ಕಣ್ಣಿನ ಕ್ಲಿನಿಕ್ ಇದೆ. ಬಾಗಿಲ ಮೇಲೆ ಬಾಗಿಲಿಗಿಂತ ದೊಡ್ಡ ಕಣ್ಣಿನ ಚಿತ್ರ. ಆ ಕಣ್ಣು ಹಗಲಿಡೀ ನಮ್ಮ ಮನೆಯನ್ನೇ ನೋಡುತ್ತಿತ್ತು. ನಮ್ಮ ಮನೆಯವನಿಗೆ ಅದು ಕಾಣಿಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹುಟ್ಟಿದ್ದು ಎಲ್ಲೋ ಗೊತ್ತಿಲ್ಲ, ಬೆಳೆದದ್ದು ಮಾತ್ರ ಗಲ್ಫಿಗೆ ಮಕ್ಕಳನ್ನು ಕಳಿಸಿದ ಈ ಕರಾವಳಿಯಲ್ಲೇ ಇರಬೇಕು.

ಎಲ್ಲ ಶುರುವಾದದ್ದು ಹೋದ ವರ್ಷಕ್ಕೂ ಹಿಂದಿನ ಮಳೆಗಾಲದ ಮದ್ರಾಸ್ ಐಯಿಂದ. ಆ ವರ್ಷ ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯುವ ಜನರಲ್ಲಿ ಅರ್ಧಕ್ಕರ್ಧ ಮಂದಿ ಮೋಡ ಕವಿದ ದಿನವೂ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿರುತ್ತಿದ್ದರು. ವಲ್ಲಿಗೂ ಬಂತು. ರಜೆಯಲ್ಲಿ ಬಂದಿದ್ದ ಡೆನಿಸ್ ಭಾವ ಸೂಟ್‌ಕೇಸಿನ ಬದಿಯ ಜೇಬಿನಿಂದ ಒಂದು ಬಿಳಿ ಸೀಸೆ ತೆಗೆದ. ಗುಲಾಬಿ ಮುಚ್ಚಳ, ಮೈಮೇಲೆ ಅರಬ್ಬಿ ಅಕ್ಷರ. ಅಲ್ಲಿಯ ಡಾಕ್ಟರು ಅವನಿಗೆ ಒಮ್ಮೆ ಯಾವುದೋ ಕಾರಣಕ್ಕೆ, ಒಂದು ವಾರಕ್ಕೆಂದು ಕೊಟ್ಟ ಮದ್ದು ಅದು. ಅಲ್ಲಿಂದ ಮುಂದೆ ಅವನು ಅದನ್ನು ತಾನೇ ಕಂಡುಹಿಡಿದವನಂತೆ ಸಿಕ್ಕಿದವರಿಗೆಲ್ಲ ಹಂಚುತ್ತಿದ್ದ.

"ಇಲ್ಲಿದ್ದೆಲ್ಲ ನೀರು ಮಾರಾಯ, ನೀರು," ಎಂದು ಅವನು ತಮ್ಮನ ತಲೆಯನ್ನು ಹಿಂದಕ್ಕೆ ಬಾಗಿಸಿದ. "ಇದು ಫಾರಿನ್. ನಾಳೆ ಬೆಳಿಗ್ಗೆ ನೋಡು ನೀನು."

ಮರುದಿನ ಬೆಳಿಗ್ಗೆ ಕಣ್ಣಿನ ಕೆಂಪು ಮಾಯವಾಗಿತ್ತು. ಆಗದೇ ಇದ್ದಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ. ಗುಣವಾದ ಮೇಲೂ ವಲ್ಲಿ ಸೀಸೆ ಬಿಡಲಿಲ್ಲ. ಹಾಕಿದರೆ ತಂಪಾಗುತ್ತದೆ, ಕಣ್ಣು ಬೆಳ್ಳಗೆ ಹೊಳೆಯುತ್ತದೆ, ವೇದಿಕೆಯ ಮೇಲೆ ನಿಂತಾಗ ಚಂದ ಕಾಣುತ್ತದೆ ಎಂದು ಹಲ್ಲುಜ್ಜಿದ ಕೂಡಲೇ ಒಂದೊಂದು ಹನಿ, ಮಲಗುವ ಮೊದಲು ಒಂದೊಂದು ಹನಿ. ಸೀಸೆ ಮುಗಿದರೆ ಅಣ್ಣನಿಗೆ ಫೋನು. ಬಹ್ರೈನಿನಿಂದ ಯಾರು ಊರಿಗೆ ಬಂದರೂ ಅವರ ಬ್ಯಾಗಿನಲ್ಲಿ ನಮ್ಮ ಸೀಸೆ ಇರುತ್ತಿತ್ತು. ಗಲ್ಫಿನವರು ಯಾರದೋ ಮನೆಯ ಪಾರ್ಸೆಲ್ಲನ್ನು ಇಲ್ಲ ಅನ್ನದೆ ಹೊತ್ತು ತರುವುದು ನಮ್ಮಲ್ಲಿ ದೊಡ್ಡ ಉಪಕಾರ. ಆ ಉಪಕಾರಕ್ಕೆ ನಾನು ಬಂದವರಿಗೆಲ್ಲ ಚಹಾ, ಚಕ್ಕುಲಿ ಕೊಟ್ಟು ಕಳಿಸಿದ್ದೇನೆ.

ವೇದಿಕೆ ಎಂದೆನಲ್ಲ, ಅದನ್ನು ಹೇಳಬೇಕು. ವಲ್ಲಿಗೆ ದೇವರು ಕೊಟ್ಟದ್ದು ಒಂದೇ, ಗಂಟಲು. ನಮ್ಮ ಇಗರ್ಜಿಯಲ್ಲಿ ಭಾನುವಾರದ ಪೂಜೆಗೆ ಬೈಬಲ್ ವಾಚನ ಮಾಡುವವನು ಅವನು. ಅವನು ಓದಲು ನಿಂತರೆ ಹಿಂದಿನ ಬಾಗಿಲಲ್ಲಿ ಮೊಬೈಲ್ ನೋಡುತ್ತ ನಿಂತ ಗಂಡಸರೂ ತಲೆ ಎತ್ತುತ್ತಾರೆ. ಬ್ಯಾಂಕಿನಲ್ಲಿ ಅವನಿಗೆ ಸಿಗದ ಮರ್ಯಾದೆಯೆಲ್ಲ ಆ ಓದುಪೀಠದಲ್ಲಿ ಸಿಕ್ಕಿತ್ತು. ಅದು ಹೋದರೆ ಅವನಲ್ಲಿ ಉಳಿಯುವುದು ಪಿಂಚಣಿ ಮತ್ತು ಹೊಟ್ಟೆ. ಹಾಗಾಗಿ ಹೋದ ವರ್ಷ ಜೂನ್ ತಿಂಗಳಲ್ಲಿ, ಮಳೆ ಹಿಡಿದುಕೊಂಡ ಹೊತ್ತಿಗೆ, ಅವನಿಗೆ ಕಣ್ಣು ಮಂಜಾಗತೊಡಗಿದಾಗ ಅವನು ಜಗತ್ತಿನಲ್ಲಿರುವ ಎಲ್ಲವನ್ನೂ ದೂರಿದ, ಕಣ್ಣೊಂದನ್ನು ಬಿಟ್ಟು.

ಮೊದಲು ಪತ್ರಿಕೆಯವರ ಶಾಯಿ ಕಳಪೆಯಾಯಿತು. ಆಮೇಲೆ ಟಿವಿ ಹಳತಾಯಿತು. ಹಂಪನಕಟ್ಟೆಯ ಫುಟ್‌ಪಾತಿನಿಂದ ರೆಡಿಮೇಡ್ ಕನ್ನಡಕ ತಂದ, ಅದು ಸರಿಯಾಗಲಿಲ್ಲವೆಂದು ಇನ್ನೊಂದು ತಂದ, ಅದಕ್ಕಿಂತ ದಪ್ಪದ್ದು ಮತ್ತೊಂದು ತಂದ. ಒಂದರ ಮೇಲೊಂದು ಹಾಕಿಕೊಂಡು ಬಚ್ಚಲಲ್ಲಿ ಔಷಧಿಯ ಚೀಟಿ ಓದಲು ಒದ್ದಾಡುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. "ಕಾಣುವುದಿಲ್ಲವಾ?" ಎಂದು ಕೇಳಿದರೆ, "ಕಾಣದೆ ಎಂತ? ಕನ್ನಡಕ ಕೊಳೆ ಆಗಿದೆ," ಎಂದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದ. ಆ ಮಳೆಗಾಲದಲ್ಲಿ ಅವನು ಒರೆಸಿದಷ್ಟು ನಾನು ನೆಲ ಒರೆಸಿಲ್ಲ.

ಮೇಲಿನ ಮಹಡಿಯ ಮೈಮುನಾ ಒಂದು ದಿನ ಇಳಿದು ಬಂದಳು. ಅವಳ ಗಂಡನಿಗೆ ಬಂದರಿನಲ್ಲಿ ಮಸಾಲೆ ಸಾಮಾನಿನ ಅಂಗಡಿ, ಇಬ್ಬರು ಮಕ್ಕಳು ದುಬೈಯಲ್ಲಿ. ನಾವಿಬ್ಬರೂ ಮಾತನಾಡುವುದು ಕನ್ನಡ, ಸಿಟ್ಟು ಬಂದರೆ ತುಳು. ಸೋಫಾದ ತುದಿಯಲ್ಲಿ ಕುಳಿತು, ಸ್ವಲ್ಪ ಹೊತ್ತು ಮಳೆಯ ಮಾತಾಡಿ, ಆಮೇಲೆ ಬಾಯಿಬಿಟ್ಟಳು. ಕ್ರೈಸ್ತ ಹೆಂಗಸರು ಅವಳಿಗೆ ಬಾಯಿ, ಗಂಡಸರು ಪೊರ್ಬು.

"ಬಾಯಿ, ನಿಮ್ಮ ಪೊರ್ಬುಗಳಿಗೆ ನಮ್ಮ ಮೇಲೆ ಎಂತಾದ್ರೂ ಬೇಜಾರ ಉಂಟಾ? ಮೆಟ್ಟಿಲಲ್ಲಿ ಎದುರು ಸಿಕ್ಕಿದ್ರೂ ಗೋಡೆ ನೋಡಿ ಹೋಗ್ತಾರೆ. ನಿನ್ನೆ ನಾನು ನಗಾಡಿದೆ. ಅವರು ನಗಾಡ್ಲಿಲ್ಲ."

ನನಗೆ ನಾಚಿಕೆಯಾಯಿತು. ಸಂಜೆ ಅವನನ್ನು ಕೇಳಿದರೆ ಮೆಟ್ಟಿಲಲ್ಲಿ ಬಲ್ಬು ಇಲ್ಲ ಎಂದ. ನಮ್ಮ ಕಟ್ಟಡದ ಕಾರ್ಯದರ್ಶಿಯ ಬೆನ್ನು ಹತ್ತಿ ನಾನು ಹೊಸ ಬಲ್ಬು ಹಾಕಿಸಿದೆ. ಆಗ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಯಾವ ಕತ್ತೆ ಇಂಥ ಬಲ್ಬು ಹಾಕಿದ್ದು ಎಂದ. ಇಂಥವನಿಗೆ ಸೂರ್ಯ ಹುಟ್ಟಿದರೂ ತಪ್ಪು, ಮುಳುಗಿದರೂ ತಪ್ಪು. ಬೀದಿಯಲ್ಲಿ ಪರಿಚಯದವರು ಅವನಿಗೆ ಜಂಬ ಬಂದಿದೆ ಎಂದು ಆಡಿಕೊಳ್ಳತೊಡಗಿದ್ದರು. ಕಣ್ಣು ಕಾಣದವನೆಂದು ಕರೆಸಿಕೊಳ್ಳುವುದಕ್ಕಿಂತ ಜಂಬದವನೆಂದು ಕರೆಸಿಕೊಳ್ಳುವುದು ಅವನಿಗೆ ವಾಸಿಯಾಗಿತ್ತು.

ಕಣ್ಣಿಗೆ ಏನೋ ಕಿರಿಕಿರಿ ಎಂಬಷ್ಟು ಸುದ್ದಿ ಹೇಗೋ ಹರಡಿತು. ಸುದ್ದಿ ಹರಡಿದ ಮೇಲೆ ಊರಿನ ಪಂಡಿತರೆಲ್ಲ ಬಂದರು. ನಮ್ಮ ವಾಳೆಯ ಗುರ್ಕಾರರು, ಅಂದರೆ ಇಗರ್ಜಿಯ ನಮ್ಮ ಓಣಿಯ ಯಜಮಾನರು, ಇದು ಉಷ್ಣ, ದಿನಾ ಒಂದು ಬೊಂಡದ ಎಳನೀರು ಕುಡಿಯಬೇಕೆಂದರು. ಕೂಳೂರಿನಲ್ಲಿರುವ ನನ್ನ ತಂಗಿ ಗ್ಯಾಸ್ ಎಂದಳು. ಅವಳ ಪ್ರಕಾರ ಮೊಣಕಾಲು ನೋವಿನಿಂದ ಹಿಡಿದು ಮಗಳಿಗೆ ಗಂಡು ಸಿಗದಿರುವವರೆಗೆ ಎಲ್ಲದಕ್ಕೂ ಗ್ಯಾಸೇ ಕಾರಣ. ಮೈಮುನಾ ಮೊಬೈಲನ್ನು ದೂರಿದಳು, ಅವಳು ಅದನ್ನು ಹೇಳುವಾಗ ಅವಳ ಕೈಯಲ್ಲೇ ಮೊಬೈಲ್ ಇತ್ತು. ಕ್ಯಾರೆಟ್ ಹೇಳಿದವರು ಎಷ್ಟು ಜನವೆಂದರೆ ಫ್ರಿಜ್ಜಿನಲ್ಲಿ ಮೀನಿಗೆ ಜಾಗ ಇರಲಿಲ್ಲ. ಡೆನಿಸ್ ಭಾವ ವಿಡಿಯೋ ಕಾಲಿನಲ್ಲಿ ಬಂದು, "ನಿಮ್ಮ ಊರಿನ ಹವೆ ಸರಿ ಇಲ್ಲ. ಹನಿಯನ್ನು ದಿನಕ್ಕೆ ನಾಲ್ಕು ಸರ್ತಿ ಮಾಡು," ಎಂದ. ಎಲ್ಲರೂ ಓದು ಬರಹ ಬಲ್ಲವರು. ಒಬ್ಬರ ಬಾಯಲ್ಲೂ ಎದುರು ರಸ್ತೆಯ ಕ್ಲಿನಿಕ್ಕಿನ ಹೆಸರು ಬರಲಿಲ್ಲ. ನಾನು ಹೇಳಿದ್ದು ಲೆಕ್ಕಕ್ಕಿಲ್ಲ, ಹೆಂಡತಿ ಹೇಳಿದ್ದು ಯಾವ ಮನೆಯಲ್ಲಿ ಸಲಹೆ ಅನಿಸಿಕೊಂಡಿದೆ? ವಲ್ಲಿ ಬೊಂಡ ಕುಡಿದ, ಕ್ಯಾರೆಟ್ ತಿಂದ, ಹನಿಯನ್ನು ನಾಲ್ಕು ಸರ್ತಿ ಮಾಡಿದ.

ಜುಲೈ ಕೊನೆಯಲ್ಲಿ ಒಂದು ಸಂಜೆ ತಂಗಿಯ ಮನೆಯಿಂದ ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದೆವು. ಕೂಳೂರು ಸೇತುವೆಗೆ ಹತ್ತುವಾಗಲೇ ಕತ್ತಲು ಕವಿದು ಮಳೆ ಅಡ್ಡ ಹೊಡೆಯುತ್ತಿತ್ತು. ಎದುರಿನಿಂದ ಬಂದರಿನ ಕಡೆಗೆ ಹೋಗುವ ಲಾರಿಗಳು ಒಂದರ ಹಿಂದೆ ಒಂದು, ದೀಪ ಪೂರ್ತಿ ಬಿಟ್ಟುಕೊಂಡು. ಸೇತುವೆಯ ಮಧ್ಯ ತಲುಪಿದಾಗ ವಲ್ಲಿ ಏಕಾಏಕಿ ಗಾಡಿಯನ್ನು ಎಡಕ್ಕೆ ಎಳೆದು ಕೈಹಿಡಿಗೋಡೆಗೆ ತಾಗಿಸಿದ ಹಾಗೆ ನಿಲ್ಲಿಸಿಬಿಟ್ಟ.

"ಎಂತ ಆಯ್ತು?" ಎಂದೆ.

"ಪ್ಲಗ್ ಮಳೆಗೆ ಚಂಡಿ ಆಗಿದೆ. ಇಳಿ."

ಇಂಜಿನು ಸರಿಯಾಗಿಯೇ ಓಡುತ್ತಿತ್ತು. ಅದರ ಸದ್ದು ನನ್ನ ತೊಡೆಗೆ ತಾಗುತ್ತಿತ್ತು. ಅವನು ಕೀಲಿ ತಿರುಗಿಸಿ ಅದನ್ನು ಬಂದ್ ಮಾಡಿದ್ದನ್ನು ನಾನು ಹಿಂದಿನಿಂದ ನೋಡಿದೆ. ಇಳಿದು ಕೊಡೆ ಬಿಡಿಸಿ ನಿಂತೆ. ಕೆಳಗೆ ಗುರುಪುರ ಹೊಳೆ ಕೆಂಪಗೆ ಉಬ್ಬಿ ಹೋಗುತ್ತಿತ್ತು. ಅವನು ಬಗ್ಗಿ ಪ್ಲಗ್ಗನ್ನು ಮುಟ್ಟುವ ನಾಟಕ ಮಾಡಿದ, ಕೈ ಒರೆಸಿಕೊಂಡ, ಮತ್ತೆ ಬಗ್ಗಿದ. ಲಾರಿಯ ಬೆಳಕು ಮುಖಕ್ಕೆ ಬಿದ್ದಾಗಲೆಲ್ಲ ಕಣ್ಣನ್ನು ಗಟ್ಟಿಯಾಗಿ ಮುಚ್ಚುತ್ತಿದ್ದ. ಲಾರಿಗಳ ಸಾಲು ಕಡಿಮೆಯಾದ ಮೇಲೆ ಗಾಡಿ ಸರಿಯಾಯಿತು ಎಂದು ಘೋಷಿಸಿ, ಎಡಬದಿಯ ಬಿಳಿ ಗೆರೆ ಹಿಡಿದು ನಡೆಯುವವನಷ್ಟು ನಿಧಾನ ಓಡಿಸಿದ. ಸಾಯುವುದಕ್ಕಾದರೂ ತಯಾರಿದ್ದ, ನನ್ನನ್ನೂ ಜೊತೆಗೆ ಕೊಂಡುಹೋಗುವುದಕ್ಕೆ ತಯಾರಿದ್ದ, ಕಾಣುವುದಿಲ್ಲ ಎಂಬ ಒಂದು ಮಾತು ಆಡಲು ತಯಾರಿರಲಿಲ್ಲ. ಆ ಸಂಜೆಯ ಮೇಲೆ ನಾನು ಅವನ ಹಿಂದೆ ಕೂರಲಿಲ್ಲ. ಬಸ್ಸಿನಲ್ಲಿ ಹೋಗುತ್ತೇನೆ, ಮಳೆ ಎಂದೆ. 

ಆಗಸ್ಟಿನಲ್ಲಿ ಅವನಿಗೆ ಭಕ್ತಿ ಬಂತು. ಬೆಳಗಿನಿಂದ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಬಾಲ್ಕನಿಯಲ್ಲಿ ಆಚೆ ಈಚೆ ನಡೆಯುತ್ತ ತುಟಿ ಆಡಿಸುತ್ತಿದ್ದ. ಕೇಳಿದರೆ ದೇವರ ವಾಕ್ಯ ಎಂದ. ಬರುವ ಭಾನುವಾರದ ವಾಚನವನ್ನು ಯಾರೋ ಮೊದಲೇ ಓದಿ ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಅದು ನಮ್ಮ ಗುಂಪಿಗೂ ಬರುತ್ತದೆ. ಮುದುಕನಾದ ಮೇಲೆ ಬುದ್ಧಿ ಬಂತೇನೋ ಅಂದುಕೊಂಡೆ. ಭಾನುವಾರ ಅವನು ಓದುಪೀಠದಲ್ಲಿ ನಿಂತು ಎಂದಿಗಿಂತ ಚೆನ್ನಾಗಿ ಓದಿದ. ಪುಸ್ತಕದಿಂದ ಕಣ್ಣೆತ್ತಿ ಜನರನ್ನೇ ನೋಡುತ್ತ ಓದಿದ. ಎಷ್ಟು ಮನಮುಟ್ಟುವ ಹಾಗೆ ಓದುತ್ತಾರೆ ಎಂದು ಹೆಂಗಸರು ಹೊಗಳಿದರು. ಅವನು ಓದುತ್ತಿರಲೇ ಇಲ್ಲ. ವಾರವಿಡೀ ಕೇಳಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಿದ್ದ. ನನ್ನ ತರಗತಿಯ ದಡ್ಡ ಹುಡುಗರು ಪದ್ಯವನ್ನು ಒಪ್ಪಿಸುವಾಗ ಪುಟ ತಿರುಗಿಸುವುದನ್ನು ಮರೆಯುತ್ತಿದ್ದರು. ಇವನು ಅದನ್ನೂ ಮರೆಯಲಿಲ್ಲ. ನಾಟಕದಲ್ಲಿ ಪೂರ್ತಿ ಅಂಕ ಕೊಡಬೇಕು.

ಹೀಗೆ ಮೊಂತಿ ಹಬ್ಬ ಬಂತು. ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮಗೆ ಹೊಸ ತೆನೆಯ ಹಬ್ಬ. ಮಕ್ಕಳು ಹೂವಿನ ಬುಟ್ಟಿ ಹಿಡಿದು ಬಂದಿದ್ದರು, ಭತ್ತದ ತೆನೆ ಆಶೀರ್ವಾದವಾಗಿತ್ತು, ಇಗರ್ಜಿಯ ಹಿಂದೆ ಕಬ್ಬಿನ ಕಟ್ಟುಗಳು ನಿಂತಿದ್ದವು. ಪ್ರತಿವರ್ಷ ಮಕ್ಕಳಿಗೆ ಹಂಚಲು ಯಾರಾದರೂ ಕಬ್ಬು ದಾನ ಕೊಡುತ್ತಾರೆ, ಪೂಜೆಯ ಕೊನೆಗೆ ಅವರ ಹೆಸರು ಹೇಳುವುದು ಪದ್ಧತಿ. ಆ ವರ್ಷ ಕೊಟ್ಟವರು ಕಟ್ಟಡ ಕಾಂಟ್ರಾಕ್ಟರ್ ಸಿಪ್ರಿಯಾನ್ ಮತ್ತು ಅವನ ಹೆಂಡತಿ ಗ್ರೆಟ್ಟಾ. ಇಬ್ಬರೂ ಮೂರನೆಯ ಬೆಂಚಿನಲ್ಲಿ ಹೊಸ ಬಟ್ಟೆ ಹಾಕಿ, ತಮ್ಮ ಹೆಸರು ಬರುವುದನ್ನು ಕಾಯುತ್ತ ಕುಳಿತಿದ್ದರು.

ಮಿರೊಣ್, ಅಂದರೆ ಇಗರ್ಜಿಯ ಕೆಲಸ ನೋಡುವವನು, ಕೊನೆಗೆ ಓದಬೇಕಾದ ಆ ಚೀಟಿಯನ್ನು ಮೊದಲೇ ತಂದು ಓದುಪೀಠದ ಮೇಲೆ ಇಟ್ಟುಬಿಟ್ಟಿದ್ದ. ವಲ್ಲಿ ವಾಚನವನ್ನು ತಡೆಯಿಲ್ಲದೆ ಒಪ್ಪಿಸಿದ. ವಿಶ್ವಾಸಿಗಳ ಪ್ರಾರ್ಥನೆಗೆ ಬಂದಾಗ ಅವನ ಕಣ್ಣಿಗೆ ಆ ಚೀಟಿ ಬಿತ್ತು. ಎರಡು ಹೆಸರು ದಪ್ಪ ಮಾರ್ಕರಿನಲ್ಲಿ, ಕೆಳಗೆ ಉಳಿದದ್ದು ಸಣ್ಣ ಅಕ್ಷರದಲ್ಲಿ. ಭಾನುವಾರಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ಅವನಿಗೆ ಸಿಗುವ ಚೀಟಿ ಒಂದೇ ಬಗೆಯದ್ದು, ಸತ್ತವರ ಹೆಸರಿನದ್ದು. ದಪ್ಪ ಅಕ್ಷರವನ್ನು ಕಷ್ಟಪಟ್ಟು ಹಿಡಿದ. ಸಣ್ಣದನ್ನು ಊಹಿಸಿದ. ಆಮೇಲೆ ತನ್ನ ಘಂಟಾಧ್ವನಿಯಲ್ಲಿ, "ನಮ್ಮನ್ನಗಲಿದ ಸಿಪ್ರಿಯಾನ್ ಮತ್ತು ಗ್ರೆಟ್ಟಾ ಇವರ ಆತ್ಮಗಳಿಗೆ ದೇವರು ನಿತ್ಯ ಶಾಂತಿಯನ್ನು ದಯಪಾಲಿಸಲಿ ಎಂದು ಪ್ರಾರ್ಥಿಸೋಣ," ಎಂದ.

ಇಡೀ ಇಗರ್ಜಿ ಒಕ್ಕೊರಲಿನಿಂದ, "ದೇವರೇ, ನಮ್ಮ ಪ್ರಾರ್ಥನೆಯನ್ನು ಆಲಿಸು," ಎಂದಿತು. ಯಾರೂ ಕೇಳಿಸಿಕೊಂಡಿರಲಿಲ್ಲ. ಸಿಪ್ರಿಯಾನ್ ಕೂಡ ಅಭ್ಯಾಸಬಲದಿಂದ ಎಲ್ಲರ ಜೊತೆ ಹೇಳಿದ, ತನ್ನ ಆತ್ಮಶಾಂತಿಗೆ ತಾನೇ. ನಮ್ಮ ಜನರ ಭಕ್ತಿಯ ಮಟ್ಟ ಅಷ್ಟು. ಮೊದಲು ಎಚ್ಚರವಾದದ್ದು ಗ್ರೆಟ್ಟಾ. ಅವಳು ಶಿಲುಬೆಯ ಗುರುತು ಹಾಕಿಕೊಂಡು ಗಂಡನ ತೋಳನ್ನು ಗಟ್ಟಿ ಹಿಡಿದಳು. ಆಮೇಲೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ನಗು ಸಾಲು ಸಾಲಾಗಿ ಮುಂದೆ ಬಂತು. ಪೀಠದ ಬಳಿ ಫಾದರು ತಲೆ ತಗ್ಗಿಸಿ ಕೆಮ್ಮಿದರು. ವಲ್ಲಿಗೆ ಜನ ಯಾಕೆ ನಗುತ್ತಾರೆಂದು ತಿಳಿಯಲಿಲ್ಲ. ಅವನು ಚೀಟಿಯನ್ನು ಇನ್ನೊಮ್ಮೆ ಎತ್ತಿ ಕಣ್ಣಿನ ಹತ್ತಿರ ತಂದ, ದೂರ ಹಿಡಿದ, ಮತ್ತೆ ಹತ್ತಿರ ತಂದ. ಮುನ್ನೂರು ಜನರ ಎದುರು ಅವನಿಗೆ ಕಣ್ಣು ಕಾಣದೆಂಬುದು ಅಲ್ಲಿ ಎಲ್ಲರಿಗೂ ಕಂಡಿತು. ನನಗೆ ನೆಲ ಬಾಯಿಬಿಟ್ಟರೆ ಸಾಕು ಅನಿಸಿತು. ಸಿಟ್ಟು ಬಂತು, ಅದರ ಅಡಿಯಲ್ಲಿ ಹೆದರಿಕೆಯೂ ಬಂತು.

ಹೊರಗೆ ಕಬ್ಬು ಹಂಚುವಲ್ಲಿ ಸಿಪ್ರಿಯಾನ್ ನಗುತ್ತಲೇ ಬಂದ. "ಕಬ್ಬು ಕೊಟ್ಟದ್ದಕ್ಕೆ ಹುಗಿದೇ ಬಿಟ್ಟೆಯಲ್ಲ ಮಾರಾಯ."

"ಮಿರೊಣ್‌ನ ಅಕ್ಷರ ಅಂಥದ್ದು," ಎಂದ ವಲ್ಲಿ. "ಅವನಿಗೆ ಕಾಪಿ ಪುಸ್ತಕ ಬರೆಸ್ಬೇಕು."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮನೆಗೆ ಬಂದು ತೆನೆಯ ಊಟಕ್ಕೆ ಕುಳಿತೆವು. ಆಶೀರ್ವಾದದ ತೆನೆಯಿಂದ ಹೊಸ ಅಕ್ಕಿ ಸುಲಿದು ಹಾಲಿಗೆ ಹಾಕಿ ಎಲ್ಲರಿಗೂ ಕೊಡುವುದು ಮನೆಯ ಯಜಮಾನನ ಕೆಲಸ. ವಲ್ಲಿ ಪ್ರಾರ್ಥನೆ ಹೇಳಿ ಒಂದೊಂದೇ ಕಾಳನ್ನು ಉಗುರಿನಿಂದ ಸುಲಿದ. ನಾನು ಲೋಟ ಎತ್ತಿ ಕುಡಿದರೆ ಗಂಟಲಿಗೆ ಹೊಟ್ಟು ಚುಚ್ಚಿತು. ನೋಡಿದರೆ ಹೊಟ್ಟೆಲ್ಲ ಹಾಲಿನಲ್ಲಿ, ಅಕ್ಕಿಯೆಲ್ಲ ಪಕ್ಕದ ಕಾಗದದಲ್ಲಿ. ಅವನು ತನ್ನ ಲೋಟವನ್ನೂ ಕುಡಿದು, "ಈ ವರ್ಷದ ಅಕ್ಕಿ ಸ್ವಲ್ಪ ಒರಟು," ಎಂದ. ನಾನು ಕಾಗದದಲ್ಲಿದ್ದ ಅಕ್ಕಿಯನ್ನು ಹೆಕ್ಕಿ ಬೇರೆ ಲೋಟಕ್ಕೆ ಹಾಕಿದೆ.

ನನ್ನ ಮಾತಿಗೆ ಅವನು ಆಗಲೂ ಡಾಕ್ಟರ ಹತ್ತಿರ ಹೋಗುತ್ತಿರಲಿಲ್ಲ. ಸಂಜೆ ಫಾದರು ಫೋನು ಮಾಡಿ, "ವಲ್ಲಿ, ಮುಂದಿನ ವಾರಕ್ಕೆ ಬೇರೆಯವರಿಗೆ ಹೇಳಿದ್ದೇನೆ. ಕಣ್ಣು ತೋರಿಸಿ ಬನ್ನಿ, ಮತ್ತೆ ಓದುವಾ," ಎಂದರು. ಮರುದಿನ ಬೆಳಿಗ್ಗೆ ಕ್ಲಿನಿಕ್ ತೆರೆಯುವ ಮೊದಲೇ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿ ತಯಾರಾಗಿದ್ದ. ರಸ್ತೆ ದಾಟಿದೆವು. ಅಷ್ಟು ದೂರ ಹೋಗಲು ಅವನಿಗೆ ಒಂದು ಮಳೆಗಾಲ ಬೇಕಾಯಿತು.

ಒಳಗೆ ಒಂದು ಪರೀಕ್ಷೆ ಇತ್ತು. ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಪಾರ್ಶ್ವದ ನೋಟ ಎಷ್ಟಿದೆ ಎಂದು ತಿಳಿಯುವುದಕ್ಕೆ. ಪರೀಕ್ಷೆ ಮಾಡುವ ಹುಡುಗಿ ಎರಡೆರಡು ಸಲ ನಿಲ್ಲಿಸಿ, "ಅಂಕಲ್, ಲೈಟ್ ಕಂಡ್ರೆ ಮಾತ್ರ ಒತ್ತಿ, ಆಯ್ತಾ?" ಎಂದಳು. ಚುಕ್ಕೆ ಬಂದರೂ ಬಾರದಿದ್ದರೂ ನನ್ನ ಗಂಡ ಟಕಟಕ ಒತ್ತುತ್ತಿದ್ದ. ಕಣ್ಣಿನ ಪರೀಕ್ಷೆಯಲ್ಲೂ ಪಾಸಾಗಲು ನೋಡಿದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಡಾಕ್ಟರು ನಮಗೆ ಮಗಳಾಗುವ ವಯಸ್ಸಿನ ಹೆಂಗಸು. ದೀಪ ಬಿಟ್ಟು ನೋಡಿದರು, ಕಣ್ಣಿನ ಒತ್ತಡ ಅಳೆದರು, ಮತ್ತೊಮ್ಮೆ ಅಳೆದರು.

"ಕಣ್ಣಿಗೆ ಎಂತಾದ್ರೂ ಮದ್ದು ಹಾಕ್ತೀರಾ?"

"ಇಲ್ಲ," ಎಂದ ವಲ್ಲಿ.

ನಾನು ಅವನ ಅಂಗಿಯ ಜೇಬಿಗೆ ಕೈ ಹಾಕಿ ಗುಲಾಬಿ ಮುಚ್ಚಳದ ಸೀಸೆ ತೆಗೆದು ಮೇಜಿನ ಮೇಲೆ ಇಟ್ಟೆ.

"ಅದು ಮದ್ದಲ್ಲ ಡಾಕ್ಟ್ರೇ," ಎಂದ. "ತಂಪಿಗೆ. ಅಣ್ಣ ಬಹ್ರೈನಿಂದ ಕಳಿಸೋದು."

ಡಾಕ್ಟರು ಸೀಸೆಯನ್ನು ತಿರುಗಿಸಿ ಇಂಗ್ಲಿಷ್ ಇರುವ ಬದಿಯನ್ನು ಓದಿದರು. ಎಷ್ಟು ಸಮಯದಿಂದ ಎಂದು ಕೇಳಿದಾಗ ನಾನೇ ಉತ್ತರ ಕೊಟ್ಟೆ. ಅವರು ಸೀಸೆಯನ್ನು ಮೇಜಿನ ತಮ್ಮ ಬದಿಗೆ ಸರಿಸಿಕೊಂಡರು.

"ಇದು ಸ್ಟೀರಾಯ್ಡ್. ಒಳ್ಳೆ ಮದ್ದೇ, ಆದ್ರೆ ನಾವು ನೋಡ್ತಾ ಇರುವಾಗ, ಸ್ವಲ್ಪ ದಿನಕ್ಕೆ. ಮಂಜು ಅನ್ನೋದು ಜ್ವರ ಇದ್ದ ಹಾಗೆ ಅಂಕಲ್, ಅದೇ ಒಂದು ರೋಗ ಅಲ್ಲ. ಚಾಳೀಸಿಗೆ ಆಗ್ತದೆ, ಪವರ್ ಬದಲಾದ್ರೆ ಆಗ್ತದೆ, ಶುಗರ್ ಏರಿಳಿದ್ರೆ ಆಗ್ತದೆ, ಕಣ್ಣು ಒಣಗಿದ್ರೂ ಆಗ್ತದೆ. ಯಾವುದು ಅಂತ ಒಳಗೆ ನೋಡದೆ ಯಾರಿಗೂ ಗೊತ್ತಾಗುದಿಲ್ಲ. ನಿಮಗೆ ಎರಡು ಉಂಟು. ಒಂದು ಪೊರೆ. ಅದಕ್ಕೇ ಓದ್ಲಿಕ್ಕೆ ಕಷ್ಟ, ಬೆಳಕಿಗೆ ಕಣ್ಣು ಕುಕ್ಕುದು. ಅದನ್ನು ತೆಗೀಬಹುದು. ಇನ್ನೊಂದು ಒತ್ತಡ ಏರಿ ಬಲಗಣ್ಣಿನ ನರದ ಒಂದು ಪಾಲು ಸತ್ತದ್ದು. ಗ್ಲಾಕೋಮಾ. ಹೋದದ್ದು ಬರುದಿಲ್ಲ. ಉಳಿದದ್ದನ್ನು ಕಾಪಾಡ್ಬಹುದು."

"ಆದ್ರೆ ಬಲಗಣ್ಣಲ್ಲಿ ಕಾಣ್ತದಲ್ಲ," ಎಂದ ವಲ್ಲಿ.

"ಎದುರಿಗಿದ್ದದ್ದು ಕಾಣ್ತದೆ. ಬಲಬದಿಗೆ ಯಾರಾದ್ರೂ ಬಂದ್ರೆ?"

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದ. ಆಗ ನನಗೆ ಮೈಮುನಾಳ ಮಾತು ನೆನಪಾಯಿತು. ಅವಳು ಮೆಟ್ಟಿಲು ಇಳಿಯುವಾಗ ಅವನ ಬಲಬದಿಯಿಂದ ಬರುತ್ತಿದ್ದಳು. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಅವನ ಭುಜ ತಾಗಿ ತಾಗಿ ಬಣ್ಣ ಹೋಗಿತ್ತು, ಅದೂ ಬಲಭುಜವೇ. ಬಾಗಿಲು ಸಣ್ಣದಾಯಿತು ಎಂದು ಅವನು ಬಡಗಿಯನ್ನು ಬೈದಿದ್ದ.

ಪೊರೆ ತೆಗೆಸಿದೆವು. ಒತ್ತಡಕ್ಕೆ ಈಗ ದಿನಾ ಬೇರೆ ಹನಿ, ಅದನ್ನು ನಾನೇ ಹಾಕುತ್ತೇನೆ. ಕ್ರಿಸ್ಮಸ್ ಹೊತ್ತಿಗೆ ಅವನು ಮತ್ತೆ ಓದುಪೀಠಕ್ಕೆ ಹೋದ, ಪುಸ್ತಕ ನೋಡಿಯೇ ಓದಿದ. ಮೊದಲಿನಷ್ಟು ಮನಮುಟ್ಟಲಿಲ್ಲ ಎಂದು ಅದೇ ಹೆಂಗಸರು ಹೇಳಿದರು. ಸ್ಕೂಟರ್ ಕೊಟ್ಟುಬಿಟ್ಟ, ಕೇಳಿದವರಿಗೆಲ್ಲ ಟ್ರಾಫಿಕ್ ಜಾಸ್ತಿಯಾಯಿತು ಎಂದ. ಆಪರೇಶನ್ನಿಗೆ ಅವನು ಇಟ್ಟ ಹೆಸರು ಕಣ್ಣಿನ ಸರ್ವೀಸ್. ಬಲಗಣ್ಣಿನ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ, ನನ್ನೆದುರೂ ಆ ಮಾತು ತೆಗೆಯಲಿಲ್ಲ. ನಾನು ಡೆನಿಸ್ ಭಾವನಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. "ನಾನೂ ಹಾಕ್ತೇನಲ್ಲ ಐರಿನ್, ನನಗೆ ಎಂತದೂ ಆಗಿಲ್ಲ. ಆ ಡಾಕ್ಟರಿಗೆ ಆಪರೇಶನ್ ಬೇಕಿತ್ತು," ಎಂದ. ಅಂಥವನಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಮೊನ್ನೆ ಬಂದವನು ಅದೇ ಡೆನಿಸ್ ಭಾವ. ಸೂಟ್‌ಕೇಸಿನಿಂದ ಸಾಬೂನು, ಖರ್ಜೂರ ಎಲ್ಲ ತೆಗೆದು ಸಾಲಾಗಿ ಇಟ್ಟ. ಕೊನೆಗೆ ಬದಿಯ ಜೇಬಿಗೆ ಕೈ ಹಾಕಿ ಗುಲಾಬಿ ಮುಚ್ಚಳದ ಸೀಸೆಯನ್ನೂ ತೆಗೆದ. ನಾನು ಬಾಯಿ ತೆರೆಯುವ ಮೊದಲೇ, "ನಿಮಗಲ್ಲ, ನನಗೆ," ಎಂದ. ನೀರು ಬೇಕೆಂದು ಎದ್ದು ಅಡುಗೆಮನೆಗೆ ಹೋದ. ಹೋಗುವಾಗ ಅವನ ಬಲಭುಜ ಚೌಕಟ್ಟಿಗೆ ಹೊಡೆಯಿತು, ವಲ್ಲಿ ಬಣ್ಣ ತೆಗೆದ ಅದೇ ಜಾಗಕ್ಕೆ. "ನಿಮ್ಮ ಫ್ಲ್ಯಾಟಿನ ಬಾಗಿಲು ಎಲ್ಲ ಸಣ್ಣದು," ಎಂದು ಭುಜ ಉಜ್ಜಿಕೊಂಡು ಬಂದು ಕುಳಿತ. ವಲ್ಲಿ ಅಣ್ಣನನ್ನೇ ನೋಡುತ್ತಿದ್ದ.

"ವಲ್ಲಿ, ಇದರ ಎಕ್ಸ್‌ಪೈರಿ ಎಷ್ಟು ಉಂಟು ನೋಡು," ಎಂದು ಡೆನಿಸ್ ಭಾವ ಸೀಸೆ ಚಾಚಿದ. "ಈಗಿನವರು ಎಷ್ಟು ಸಣ್ಣ ಅಕ್ಷರ ಹಾಕ್ತಾರೆ ಅಂದ್ರೆ, ಯಾರಿಗೆ ಓದ್ಲಿಕ್ಕೆ ಆಗ್ತದೆ?"

ವಲ್ಲಿ ಸೀಸೆ ತೆಗೆದುಕೊಂಡ. ಅವನಿಗೆ ಅದನ್ನು ಓದಲು ಬರುತ್ತಿತ್ತು. ಓದಲಿಲ್ಲ. ಸೀಸೆಯನ್ನು ಎಡಗೈಯಿಂದ ಬಲಗೈಗೆ ದಾಟಿಸಿ, ಕೈಯನ್ನು ಬಲಕ್ಕೆ ನೀಡಿ ಹಿಡಿದ.

"ಇಲ್ಲಿ ಹಿಡಿದರೆ ನನಗೆ ಕಾಣುವುದಿಲ್ಲ ಅಣ್ಣ," ಎಂದ.

ಅವನ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಒಂದು ಮಳೆಗಾಲ ಪೂರ್ತಿ, ಆಮೇಲಿನ ಒಂದು ವರ್ಷ ಪೂರ್ತಿ, ನಾನು ಬೈದು, ಹಂಗಿಸಿ, ಅತ್ತು ಹೊರಡಿಸಲಾಗದ ಮಾತು. ಖರ್ಜೂರದ ಡಬ್ಬಿಯ ಹಿಂದೆ ಕುಳಿತ ಅಣ್ಣನಿಗೆ ಅವನು ಅದನ್ನು ಪೇಟೆಯ ಸುದ್ದಿ ಹೇಳುವ ದನಿಯಲ್ಲಿ ಹೇಳಿದ.

"ನಿನ್ನ ಬಲಕ್ಕೆ ಹಿಡಿದರೆ ನಿನಗೆ ಕಾಣ್ತದಾ?"

ಡೆನಿಸ್ ಭಾವ ನಮ್ಮ ಮನೆಯ ಟ್ಯೂಬ್‌ಲೈಟನ್ನು ನೋಡಿದ. ವೋಲ್ಟೇಜ್ ಕಡಿಮೆ ಇರಬೇಕು ಎಂದ. ಬಹ್ರೈನಿನ ಎಸಿ ಗಾಳಿಗೆ ಕಣ್ಣು ಸ್ವಲ್ಪ ಒಣಗುತ್ತದೆ ಎಂದ. ವಿಮಾನದಲ್ಲಿ ನಿದ್ದೆಯಾಗಿಲ್ಲ ಎಂದ. ಕಾರಣಗಳು ಒಂದೊಂದಾಗಿ ಮುಗಿದವು. ಆಮೇಲೆ ವಲ್ಲಿ ಎದ್ದು ಚಪ್ಪಲಿ ಹಾಕಿ ಅಣ್ಣನ ಕೈ ಹಿಡಿದು ಎಬ್ಬಿಸಿದ. ನಾನು ಸೀಸೆಯನ್ನು ನನ್ನ ಬ್ಯಾಗಿಗೆ ಹಾಕಿ ಬಾಗಿಲಿಗೆ ಬೀಗ ಹಾಕಿದೆ.

ಕೆಳಗೆ ಫಳ್ನೀರು ರಸ್ತೆಯಲ್ಲಿ ಬಸ್ಸು, ಆಟೋ ಬಿಡುವಿಲ್ಲದೆ ಬರುತ್ತಿದ್ದವು. ಆಚೆ ಬದಿಯಲ್ಲಿ ಬಾಗಿಲಿಗಿಂತ ದೊಡ್ಡ ಕಣ್ಣು ನಮ್ಮನ್ನು ನೋಡುತ್ತಿತ್ತು. ಅಣ್ಣ ತಮ್ಮ ಇಬ್ಬರೂ ಕೈ ಹಿಡಿದುಕೊಂಡು, ನೇರ ಎದುರಿಗೆ ನೋಡುತ್ತ, ರಸ್ತೆಗೆ ಇಳಿಯಲು ಕಾಲೆತ್ತಿದರು. ಇಬ್ಬರೂ ಬಲಕ್ಕೆ ತಿರುಗಿ ನೋಡಲಿಲ್ಲ. ಇಂಥ ಇಬ್ಬರು ಮೂರ್ಖರನ್ನು ಒಂದೇ ತಾಯಿ ಹೆತ್ತಳಲ್ಲ ಎಂದುಕೊಂಡು ನಾನು ಇಬ್ಬರನ್ನೂ ತಡೆದು, ಸುತ್ತಿ ಬಂದು, ಅವರ ಬಲಬದಿಗೆ ನಿಂತು ಕೈ ಅಡ್ಡ ಹಿಡಿದೆ.